ಇಂಜಿನ್ ಕೂಗುತ್ತೆ, ಗಾಡಿ ಏರಲ್ಲ!

ಕ್ಲಚ್ ಜಾರಿದರೆ ಜೇಬೂ ಜಾರುತ್ತದೆ. ಬಿಚ್ಚಿಸುವ ಮೊದಲು ನೋಡಬೇಕಾದ್ದೇನು?

ಕೋಲಾರ: ಹಾಲಿನ ಕ್ಯಾನು, ಟೊಮೇಟೊ ಕ್ರೇಟು, ಹಸೀ ಹುಲ್ಲಿನ ಹೊರೆ, ಹಬ್ಬಕ್ಕೆ ಹೊರಟ ಹೆಂಡತಿ ಮಕ್ಕಳು. ಇವಿಷ್ಟನ್ನೂ ಹೊರುವ ಕೆಲಸ ಈ ಜಿಲ್ಲೆಯಲ್ಲಿ ಎತ್ತಿನ ಗಾಡಿಯಿಂದ ಇಳಿದು ಮೋಟಾರ್ ಸೈಕಲ್ಲಿನ ಬೆನ್ನೇರಿ ಎಷ್ಟೋ ಕಾಲವಾಯಿತು. ಆ ಭಾರವನ್ನೆಲ್ಲ ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ದಾಟಿಸುವುದು ಅಂಗೈಯಗಲದ ಕೆಲವು ಬಿಲ್ಲೆಗಳು. ಅವೇ ಕ್ಲಚ್ ಪ್ಲೇಟುಗಳು. ಅವು ಜಾರತೊಡಗಿದವೆಂದರೆ ಇಂಜಿನ್ ಕೂಗುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಗಾಡಿ ಮಾತ್ರ ಇದ್ದಲ್ಲೇ ಇರುತ್ತದೆ.

ಗ್ಯಾರೇಜಿಗೆ ಹೋದರೆ ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ ಉತ್ತರ ಬಹುಪಾಲು ಒಂದೇ: ಪ್ಲೇಟು ಹೋಗಿದೆ ಅಣ್ಣ, ಸೆಟ್ ಹಾಕಬೇಕು. ಹೋಗಿದ್ದರೆ ಹಾಕಲೇಬೇಕು, ತಕರಾರಿಲ್ಲ. ಆದರೆ ಹೋಗಿದ್ದು ಪ್ಲೇಟೋ, ಬಿಗಿಯಾದದ್ದು ವೈರೋ, ಕೆಟ್ಟದ್ದು ಆಯಿಲೋ ಎಂದು ನೋಡದೆ ಬಿಚ್ಚಿದರೆ ನಷ್ಟ ಯಾರಿಗೆ? ಹೊತ್ತಿಗೆ ಸರಿಯಾಗಿ ಡೇರಿಗೆ ಹಾಲು ಮುಟ್ಟಿಸಬೇಕಾದವರಿಗೆ. ಒಂದು ಹೊತ್ತು ತಡವಾದರೆ ಡೇರಿ ಬಾಗಿಲು ಮುಚ್ಚಿರುತ್ತದೆ, ಬೇಸಿಗೆಯಲ್ಲಾದರೆ ಹಾಲೇ ಒಡೆದಿರುತ್ತದೆ.

ಭಾರದ ಲೆಕ್ಕ

ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಟೊಮೇಟೊ ಮಾರುಕಟ್ಟೆ, ಕೋಲಾರದ ಎ.ಪಿ.ಎಂ.ಸಿ. ಇವೆರಡರ ದಾರಿಯಲ್ಲಿ ಸೀಸನ್ನಿನಲ್ಲಿ ನಿಂತು ನೋಡಿದರೆ ಸಾಕು. ಟೊಮೇಟೊ ಬಾಕ್ಸು ಒಂದಕ್ಕೆ 15 ಕೆ.ಜಿ. ಆರು ಬಾಕ್ಸು ಕಟ್ಟಿದರೆ 90 ಕೆ.ಜಿ. ಓಡಿಸುವವನ ತೂಕ 60 ಹಿಡಿದರೂ ಒಟ್ಟು 150. ಹಾಲಿನ ಲೆಕ್ಕವೂ ಇಷ್ಟೇ. 40 ಲೀಟರಿನ ಕ್ಯಾನು ಎರಡು ಕಟ್ಟಿದರೆ ಹಾಲೇ 80 ಕೆ.ಜಿ. ಮೇಲಾಯಿತು, ಕ್ಯಾನಿನ ತೂಕ ಬೇರೆ. ಶ್ರೀನಿವಾಸಪುರದ ಕಡೆ ಮಾವಿನ ಕಾಲ ಬಂತೆಂದರೆ ಕ್ರೇಟುಗಳ ಸರದಿ. ಮಾಲೂರಿನ ಕಡೆ ಹೂವು, ತರಕಾರಿ.

ಗಾಡಿಯ ಜೊತೆ ಕಂಪೆನಿಯವರು ಕೊಡುವ ಪುಸ್ತಕದಲ್ಲಿ ಎಷ್ಟು ಭಾರ ಹೇರಬಹುದೆಂದು ಅಚ್ಚು ಹಾಕಿರುತ್ತಾರೆ. ಆ ಪುಸ್ತಕ ಮನೆಯಲ್ಲಿ ಯಾವ ಮೂಲೆಯಲ್ಲಿದೆಯೋ ದೇವರೇ ಬಲ್ಲ. ನೂರು ಸಿ.ಸಿ. ಗಾಡಿಯನ್ನು ಇಬ್ಬರು ಕೂತು ಹೋಗಲೆಂದು ಮಾಡಿದ್ದಾರೆ, ಲಗೇಜ್ ಆಟೋ ಮಾಡಲೆಂದಲ್ಲ. ಆದರೂ ಬದುಕು ನಡೆಯಬೇಕಲ್ಲ! ಅಂತರಗಂಗೆ ಬೆಟ್ಟದ ಏರಿನಲ್ಲಿ, ಕೆರೆ ಏರಿಯ ಮೇಲೆ, ಹೊಲದ ಮರಳು ದಾರಿಯಲ್ಲಿ ಈ ಭಾರ ಎಳೆಯುವಾಗ ಅರ್ಧ ಕ್ಲಚ್ ಹಿಡಿದೇ ಓಡಿಸುವ ಅಭ್ಯಾಸ ಬಂದುಬಿಡುತ್ತದೆ. ಪ್ಲೇಟಿನ ಆಯುಸ್ಸು ಕರಗುವುದು ಅಲ್ಲಿಯೇ.

ಜಾರುವುದೆಂದರೇನು?

ಕ್ಲಚ್ಚಿನ ಒಳಗೆ ಎರಡು ಜಾತಿಯ ಪ್ಲೇಟುಗಳಿವೆ. ಒಂದು, ಮೈಮೇಲೆ ಒರಟು ಪದಾರ್ಥ ಅಂಟಿಸಿದ ಪ್ಲೇಟು. ಸಾಮಾನ್ಯವಾಗಿ ಇದರ ಹಲ್ಲುಗಳು ಹೊರಗಿನ ಹೌಸಿಂಗಿನಲ್ಲಿ ಕೂತು ಇಂಜಿನ್ ತಿರುಗಿದಂತೆ ತಿರುಗುತ್ತವೆ. ಇನ್ನೊಂದು ಬರೀ ಉಕ್ಕಿನ ಪ್ಲೇಟು. ಇದು ಒಳಗಿನ ಕ್ಲಚ್ ಸೆಂಟರನ್ನು ಕಚ್ಚಿಕೊಂಡು ಗೇರ್ ಬಾಕ್ಸನ್ನು ತಿರುಗಿಸುತ್ತದೆ. ಒಂದರ ಮೇಲೊಂದರಂತೆ ಜೋಡಿಸಿದ ಇವನ್ನು ಸ್ಪ್ರಿಂಗುಗಳು ಪ್ರೆಷರ್ ಪ್ಲೇಟಿನ ಮೂಲಕ ಗಟ್ಟಿಯಾಗಿ ಅದುಮಿ ಹಿಡಿದಿರುತ್ತವೆ. ಕೈಯಲ್ಲಿ ಲಿವರ್ ಒತ್ತಿದಾಗ ವೈರು ಎಳೆದು, ಸ್ಪ್ರಿಂಗು ಅದುಮಿ, ಪ್ಲೇಟುಗಳು ಸಡಿಲವಾಗುತ್ತವೆ. ಬಿಟ್ಟಾಗ ಮತ್ತೆ ಕಚ್ಚಿಕೊಳ್ಳುತ್ತವೆ. ಇಷ್ಟೇ ಇದರ ಗುಟ್ಟು.

ಲಿವರ್ ಪೂರ್ತಿ ಬಿಟ್ಟ ಮೇಲೂ ಈ ಪ್ಲೇಟುಗಳು ಪೂರ್ತಿ ಕಚ್ಚದೆ ಒಂದರ ಮೇಲೊಂದು ಸವರಿಕೊಂಡು ತಿರುಗಿದರೆ ಅದೇ ಜಾರುವಿಕೆ, ಗ್ಯಾರೇಜಿನ ಮಾತಿನಲ್ಲಿ ‘ಸ್ಲಿಪ್ ಹೊಡೆಯೋದು’. ಕಾರಣ ಮೂರೇ. ಸ್ಪ್ರಿಂಗಿನ ಹಿಡಿತ ಪ್ಲೇಟಿಗೆ ಪೂರ್ತಿ ಮುಟ್ಟುತ್ತಿಲ್ಲ. ಇಲ್ಲವೇ ಪ್ಲೇಟಿನ ಮೈ ಸವೆದಿದೆ, ಸುಟ್ಟಿದೆ. ಇಲ್ಲವೇ ನಡುವೆ ಬರಬಾರದ ಆಯಿಲ್ ಬಂದಿದೆ.

ರೋಗದ ಲಕ್ಷಣ ಮೊದಲು ಕಾಣುವುದು ಟಾಪ್ ಗೇರಿನಲ್ಲಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ, ಭಾರ ಇದ್ದಾಗ, ಏರಿನಲ್ಲಿ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿ ಎಳೆದ ಗಾಡಿ ಹತ್ತು ಮೈಲಿ ಹೋಗಿ ಬಿಸಿಯಾದ ಮೇಲೆ ಜಾರುವುದೂ ಉಂಟು. ಮೈಲೇಜು ಇಳಿಯುತ್ತದೆ. ಜಾಸ್ತಿಯಾದರೆ ಸುಟ್ಟ ವಾಸನೆ ಬರುತ್ತದೆ. ಹಳೆಯ ಬುಲೆಟ್ಟಿನಲ್ಲಾದರೆ ಕಿಕ್ ಹೊಡೆದಾಗಲೇ ಗೊತ್ತಾಗುತ್ತದೆ. ಅದರ ಕಿಕ್ಕಿನ ಬಲ ಕ್ಲಚ್ ದಾಟಿಯೇ ಇಂಜಿನ್ನಿಗೆ ಹೋಗಬೇಕಾದ್ದರಿಂದ, ಪ್ಲೇಟು ಜಾರಿದರೆ ಕಾಲು ಸರ್ರನೆ ಕೆಳಗಿಳಿಯುತ್ತದೆ, ಇಂಜಿನ್ ಅಲುಗುವುದಿಲ್ಲ.

ಪಿಕಪ್ ಇಲ್ಲ ಎಂದರೆಲ್ಲ ಕ್ಲಚ್ಚಲ್ಲ

ಎಡವಟ್ಟಾಗುವುದು ಇಲ್ಲಿಯೇ. ‘ಗಾಡಿ ಎಳೀತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹತ್ತು ರೋಗ ಅಡಗಿವೆ. ಬೇರೆ ಮಾಡುವ ಉಪಾಯ ಸುಲಭ. ಆಕ್ಸಿಲರೇಟರ್ ತಿರುವಿದಾಗ ಇಂಜಿನ್ ಸದ್ದು ಜೋರಾಗಿ ಏರಿ, ವೇಗ ಮಾತ್ರ ಏರದಿದ್ದರೆ ಅದು ಕ್ಲಚ್. ಇಂಜಿನ್ ಸದ್ದೂ ಏರದೆ, ವೇಗವೂ ಏರದೆ ಮೊಳಗಿದರೆ ಅದು ಕ್ಲಚ್ಚಲ್ಲ. ಈ ಜಿಲ್ಲೆಯ ಧೂಳಿನಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಪ್ಲಗ್ ಹಳತಾಗಿರಬಹುದು, ಪೆಟ್ರೋಲಿನಲ್ಲಿ ಕಸ ಇರಬಹುದು.

ಇನ್ನೊಂದು, ಬ್ರೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ಲಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುವಬೇಕು. ಸಲೀಸಾಗಿ ತಿರುಗದೆ ಹಿಡಿದುಕೊಂಡರೆ ಬ್ರೇಕ್ ಶೂ ಕಚ್ಚಿದೆ ಎಂದರ್ಥ. ಏರಿನಲ್ಲಿ ‘ಕಟಕಟ’ ಎಂದು ಹಾರಿದಂತಾದರೆ ಚೈನ್ ಸಡಿಲವಾಗಿ ಸವೆದ ಸ್ಪ್ರಾಕೆಟ್ಟಿನ ಹಲ್ಲು ಹಾರುತ್ತಿದೆ. ಇದನ್ನೆಲ್ಲ ಕ್ಲಚ್ಚಿನ ತಲೆಗೆ ಕಟ್ಟಿ ಪ್ಲೇಟು ಬದಲಾಯಿಸಿದರೆ ಹೊಸ ಪ್ಲೇಟು ಹಾಕಿಸಿಕೊಂಡ ಹಳೆ ರೋಗದ ಗಾಡಿ ಮನೆಗೆ ಬರುತ್ತದೆ.

ಪರೀಕ್ಷೆಗೆ ಇನ್ನೊಂದು ದಾರಿ ಇದೆ. ಜನ ಓಡಾಡದ ಸಮತಟ್ಟು ಜಾಗದಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು, ಎರಡನೇ ಗೇರಿಗೆ ಹಾಕಿ ನಿಧಾನವಾಗಿ ಕ್ಲಚ್ ಬಿಡಬೇಕು. ಪ್ಲೇಟು ಚೆನ್ನಾಗಿದ್ದರೆ ಇಂಜಿನ್ ಒದ್ದಾಡಿ ಆಫ್ ಆಗುತ್ತದೆ. ಲಿವರ್ ಪೂರ್ತಿ ಬಿಟ್ಟರೂ ಇಂಜಿನ್ ಓಡುತ್ತಲೇ ಇದ್ದರೆ ಜಾರುತ್ತಿರುವುದು ಖಾತ್ರಿ. ಒಂದು ಸಲ ನೋಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಟ್ಟುಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಹಳಬರ ಬಾಯಲ್ಲಿ ಇನ್ನೂ ನಾಲ್ಕನೇ ನಂಬರಿನ ರಸ್ತೆಯಾಗಿರುವ ಕಡೆ, ಇಂಥ ಪರೀಕ್ಷೆಗೆ ಯಾರೂ ಇಳಿಯಬಾರದು. ಲಾರಿಯನ್ನು ಹಿಂದೆ ಹಾಕಲು ಹೊರಟ ಗಳಿಗೆಯಲ್ಲಿ ಗಾಡಿ ಜಾರಿದರೆ ಪಕ್ಕದಲ್ಲಿ ಲಾರಿ, ಹಿಂದೆ ಬಸ್ಸು, ನಡುವೆ ಎಳೆಯದ ಗಾಡಿ. ಕ್ಲಚ್ಚಿನ ವಿಷಯ ಬರೀ ದುಡ್ಡಿನ ವಿಷಯವಲ್ಲ, ಪ್ರಾಣದ್ದೂ ಹೌದು.

ಮೊದಲು ವೈರು, ಆಮೇಲೆ ಸ್ಪಾನರು

ಖಾತ್ರಿಯಾದ ಮೇಲೆ ಮೊದಲು ನೋಡಬೇಕಾದ್ದು ಕೈಗೆ ಸಿಗುವ ಲಿವರನ್ನು. ಲಿವರಿನ ತುದಿಯನ್ನು ಒಂದು ಬೆರಳಿನಲ್ಲಿ ಎಳೆದರೆ ವೈರು ಬಿಗಿಯಾಗುವ ಮೊದಲು ಸ್ವಲ್ಪ ಸಡಿಲ ಇರಬೇಕು. ಇದನ್ನೇ ಮೆಕ್ಯಾನಿಕ್ಕುಗಳು ‘ಪ್ಲೇ’ ಎನ್ನುತ್ತಾರೆ. ಹೆಚ್ಚಿನ ಗಾಡಿಗಳಿಗೆ 10ರಿಂದ 20 ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಬೆರಳಿನ ದಪ್ಪ. ಪ್ಲೇ ಇಲ್ಲವೇ ಇಲ್ಲ ಎಂದರೆ ಕೈ ಲಿವರ್ ಮೇಲಿಲ್ಲದಿದ್ದರೂ ವೈರು ಪ್ಲೇಟನ್ನು ಎತ್ತಿ ಹಿಡಿದಿದೆ ಎಂದರ್ಥ. ದಿನವಿಡೀ ಅರ್ಧ ಕ್ಲಚ್ ಹಿಡಿದು ಓಡಿಸಿದ ಹಾಗೆ!

ಪ್ಲೇ ಹೋಗುವುದು ಹೇಗೆ? ಪ್ಲೇಟು ಸವೆದಂತೆಲ್ಲ ಪ್ಲೇ ತಾನಾಗಿಯೇ ಕಡಿಮೆಯಾಗುತ್ತದೆ. ವೈರು ಹಿಗ್ಗಿದರೆ ಹೆಚ್ಚಾಗುತ್ತದೆ. ಗೇರ್ ಗಟ್ಟಿಯಾಯಿತೆಂದು ಯಾರೋ ಅಡ್ಜಸ್ಟರ್ ತಿರುವಿ ಬಿಗಿ ಮಾಡುತ್ತಾರೆ, ಗೇರ್ ಸಲೀಸಾಗುತ್ತದೆ, ವಾರದೊಳಗೆ ಗಾಡಿ ಜಾರಲು ಶುರು. ಇಂಥ ಕಡೆ ಬೇಕಾದ್ದು ಹೊಸ ಪ್ಲೇಟಲ್ಲ, ಅಡ್ಜಸ್ಟರಿನ ನಾಲ್ಕು ಸುತ್ತು. ಮೇಲೆ ಹ್ಯಾಂಡಲ್ ಹತ್ತಿರ ಒಂದು, ಕೆಳಗೆ ಇಂಜಿನ್ ಹತ್ತಿರ ಒಂದು, ಹೀಗೆ ಎರಡು ಕಡೆ ಅಡ್ಜಸ್ಟ್ ಮಾಡಲು ಬರುತ್ತದೆ. ಸಡಿಲ ಮಾಡಿ, ಪ್ಲೇ ನೋಡಿ, ಲಾಕ್ ನಟ್ಟು ಬಿಗಿದು ಒಂದು ಸುತ್ತು ಓಡಿಸಿ ನೋಡಿದರೆ ಅರ್ಧ ಅನುಮಾನ ಬಗೆಹರಿಯುತ್ತದೆ.

ವೈರಿನ ಮೈಯೂ ನೋಡಬೇಕು. ಧೂಳು, ಮಳೆ, ತುಕ್ಕು ಸೇರಿ ವೈರು ಒಳಗೇ ಕಚ್ಚಿಕೊಂಡರೆ ಲಿವರ್ ಬಿಟ್ಟರೂ ಪೂರ್ತಿ ವಾಪಸ್ಸು ಬರುವುದಿಲ್ಲ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡೂ ಕಡೆ ಪ್ಲೇ ಒಂದೇ ಸಮ ಇದೆಯೇ ನೋಡಬೇಕು. ಒಂದು ಕಡೆ ಬಿಗಿಯಾದರೆ ವೈರು ಹಾಯಿಸಿದ ದಾರಿ ತಪ್ಪಿದೆ. ಎಳೆ ಬಿಚ್ಚಿಕೊಂಡ ವೈರಿಗೆ ಆಯಿಲ್ ಬಿಟ್ಟು ಪ್ರಯೋಜನವಿಲ್ಲ, ಬದಲಾಯಿಸುವುದೇ ಸರಿ. ಇಡೀ ಕ್ಲಚ್ಚಿನಲ್ಲಿ ಕಡಿಮೆ ಬೆಲೆಯ ಸಾಮಾನು ಅದೇ.

ಆಯಿಲ್ ಡಬ್ಬದ ಬೆನ್ನು ಓದಿ

ಎರಡನೆಯ ಆರೋಪಿ ಆಯಿಲ್. 1980ರ ದಶಕದವರೆಗೆ ಈ ಕಡೆ ಓಡುತ್ತಿದ್ದ ರಾಜದೂತ್, ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಪಿಸ್ಟನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿಗೆ ಬೆರೆಸುತ್ತಿದ್ದರು. ಕ್ಲಚ್ಚು, ಗೇರುಗಳಿಗೆ ಬೇರೆ ಆಯಿಲ್. ಹಳೆಯ ಬುಲೆಟ್ ಫೋರ್ ಸ್ಟ್ರೋಕಾದರೂ ಅದರ ಪ್ರೈಮರಿ ಚೈನ್ ಕೇಸಿಗೆ ಬೇರೆಯೇ ಆಯಿಲ್. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಮತ್ತು ಅದರ ಹಿಂದೆ ಬಂದ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ವ್ಯವಸ್ಥೆ ಬದಲಾಯಿತು. ಪಿಸ್ಟನ್ನಿಗೂ, ಗೇರಿಗೂ, ಕ್ಲಚ್ಚಿಗೂ ಒಂದೇ ಆಯಿಲ್. ಆಯಿಲ್ ಕೆಟ್ಟರೆ ಮೂರಕ್ಕೂ ಪೆಟ್ಟು.

ಕಾರಿನ ಆಯಿಲ್ ಒಳ್ಳೆಯದು, ದುಬಾರಿಯದು ಎಂದು ಬೈಕಿಗೆ ಸುರಿಯುವವರಿದ್ದಾರೆ. ಕಾರಿನ ಕೆಲವು ಆಯಿಲುಗಳಿಗೆ ಪೆಟ್ರೋಲ್ ಉಳಿಯಲೆಂದು ನುಣುಪು ಹೆಚ್ಚಿಸುವ ಮದ್ದು ಸೇರಿಸಿರುತ್ತಾರೆ. ಕಾರಿನ ಕ್ಲಚ್ ಆಯಿಲಿನಲ್ಲಿ ಮುಳುಗಿಲ್ಲ, ಅದಕ್ಕೇನೂ ಆಗುವುದಿಲ್ಲ. ಬೈಕಿನ ಪ್ಲೇಟು ಮುಳುಗಿರುವುದೇ ಆಯಿಲಿನಲ್ಲಿ. ಅದಕ್ಕೆ ಆ ನುಣುಪೇ ಮುಳುವು. ಇದಕ್ಕೆಂದೇ ಜಪಾನಿನವರು 1998ರಲ್ಲಿ ‘ಜಾಸೊ’ ಎಂಬ ಗುರುತು ತಂದರು. ಡಬ್ಬದ ಹಿಂದೆ ಜಾಸೊ ಎಂ.ಎ. ಅಥವಾ ಎಂ.ಎ. 2 ಎಂದಿದ್ದರೆ ಅದು ಕ್ಲಚ್ ಮುಳುಗಿದ ಬೈಕಿಗೆ. ಎಂ.ಬಿ. ಎಂದಿದ್ದರೆ ಅದು ಸ್ಕೂಟರಿನಂಥವಕ್ಕೆ, ಬೈಕಿಗೆ ಬೇಡ. ಮಗ ಎಸ್.ಎಸ್.ಎಲ್.ಸಿ. ಓದುತ್ತಿದ್ದರೆ ಡಬ್ಬ ಅವನ ಕೈಗೆ ಕೊಟ್ಟು ಓದಿಸಿದರಾಯಿತು.

ಜಾರುವುದು ಶುರುವಾದದ್ದು ಆಯಿಲ್ ಬದಲಾಯಿಸಿದ ಮೇಲೇ ಎಂದು ನೆನಪಿದ್ದರೆ, ಬಿಚ್ಚುವ ಮೊದಲು ಸರಿಯಾದ ಆಯಿಲ್ ಹಾಕಿ ಕೆಲವು ದಿನ ಓಡಿಸಿ ನೋಡುವುದು ಬುದ್ಧಿವಂತಿಕೆ. ಪ್ಲೇಟು ಸುಟ್ಟಿರದಿದ್ದರೆ ಅಷ್ಟಕ್ಕೇ ಸರಿಹೋಗುವುದುಂಟು. ಬಿಡಿ ಆಯಿಲ್, ಅಳೆದು ಕೊಡುವ ಆಯಿಲ್, ಯಾವುದೋ ಗಾಡಿಯಿಂದ ಇಳಿಸಿ ಸೋಸಿದ ಆಯಿಲ್ ಇವುಗಳ ಸಹವಾಸ ಬೇಡವೇ ಬೇಡ.

ಬಿಚ್ಚಿದ ಮೇಲೆ ಕಾಣುವುದು

ಪ್ಲೇ ಸರಿ, ವೈರು ಸರಿ, ಆಯಿಲ್ ಸರಿ. ಆದರೂ ಜಾರುತ್ತದೆ ಎಂದರೆ ಕ್ಲಚ್ ಕವರ್ ಬಿಚ್ಚಲೇಬೇಕು. ಗಾಡಿ ತಣ್ಣಗಾದ ಮೇಲೆ ಆಯಿಲ್ ಇಳಿಸಿ ಬಿಚ್ಚುವುದು ಕ್ರಮ. ಒಡೆಯ ಪಕ್ಕದಲ್ಲಿ ಕೂತು ನೋಡುವುದು ಒಳ್ಳೆಯದು. ನಂಬಿಕೆ ಇಲ್ಲವೆಂದಲ್ಲ, ನೋಡಿ ಕಲಿಯಲಿಕ್ಕೆ.

ಒರಟು ಪ್ಲೇಟಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆಯಬೇಕು. ಎಷ್ಟಕ್ಕಿಂತ ಕಡಿಮೆಯಾದರೆ ಬಿಸಾಡಬೇಕೆಂದು ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ಕಣ್ಣಂದಾಜು ನಂಬಬಾರದು. ಕಪ್ಪಾಗಿ ಗಾಜಿನಂತೆ ಹೊಳೆಯುವ, ಸುಟ್ಟ ವಾಸನೆಯ ಪ್ಲೇಟು ಮುಗಿದ ಹಾಗೆ. ಉಕ್ಕಿನ ಪ್ಲೇಟನ್ನು ಗಾಜಿನ ಹಲಗೆಯ ಮೇಲಿಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡಿದರೆ ಡೊಂಕಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅದರ ಮೇಲೆ ನೀಲಿ ಬಣ್ಣ ಕಂಡರೆ ಬಿಸಿಗೆ ಬೆಂದಿದೆ. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಉದ್ದ ಅಳೆಯಬೇಕು. ಬಿಸಿಗೆ ಕುಗ್ಗಿದ ಸ್ಪ್ರಿಂಗು ಹೊಸ ಪ್ಲೇಟನ್ನೂ ಹಿಡಿಯಲಾರದು. ಒಂದು ಹೋಗಿದ್ದರೂ ಎಲ್ಲವನ್ನೂ ಒಟ್ಟಿಗೇ ಬದಲಾಯಿಸುವುದು ವಾಡಿಕೆ. ಹೌಸಿಂಗಿನ ಗಾಡಿಗಳಲ್ಲಿ ಪ್ಲೇಟಿನ ಹಲ್ಲು ಕೊರೆದು ಗಾಯ ಮಾಡಿದ್ದರೆ ಕ್ಲಚ್ ಜರ್ಕ್ ಹೊಡೆಯುತ್ತದೆ. ಸಣ್ಣ ಗಾಯಕ್ಕೆ ಅರ, ಆಳದ ಗಾಯಕ್ಕೆ ಹೊಸ ಹೌಸಿಂಗು.

ಮತ್ತೆ ಜೋಡಿಸುವಾಗ ಮರೆಯುವ ಕೆಲಸವೊಂದಿದೆ. ಹೊಸ ಪ್ಲೇಟನ್ನು ಒಣಗಿದ್ದಂತೆಯೇ ಹಾಕಬಾರದು, ಇಂಜಿನ್ನಿಗೆ ಹಾಕುವ ಆಯಿಲಿನಲ್ಲೇ ಚೆನ್ನಾಗಿ ನೆನೆಸಿ ಹಾಕಬೇಕು. ಇಲ್ಲದಿದ್ದರೆ ಮೊದಲ ಮೈಲಿಯಲ್ಲೇ ಅದರ ಮೈ ಸುಡುತ್ತದೆ. ಸ್ಪ್ರಿಂಗ್ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕವರಿನ ಪ್ಯಾಕಿಂಗ್ ಹೊಸದಿರಬೇಕು. ಕೊನೆಗೆ ಲಿವರಿನ ಪ್ಲೇ ಮತ್ತೆ ಹೊಂದಿಸಬೇಕು. ಈ ಕೊನೆಯ ಕೆಲಸ ಬಿಟ್ಟುಹೋಗಿಯೇ ಎಷ್ಟೋ ಹೊಸ ಸೆಟ್ಟುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ.

ಎರಡು ಕೈಚಳಕಗಳಿಗೆ ಮೋಸಹೋಗಬಾರದು. ಒಂದು, ಸ್ಪ್ರಿಂಗಿನ ಅಡಿ ವಾಷರ್ ಇಟ್ಟು ಬಿಗಿ ಮಾಡುವುದು. ಲಿವರ್ ಕಲ್ಲಿನಂತಾಗುತ್ತದೆ, ವೈರು ಹರಿಯುತ್ತದೆ, ಪ್ಲೇಟು ಸರಿಯಾಗಿ ಬಿಡದೆ ಗೇರೂ ಬೀಳುವುದಿಲ್ಲ. ಎರಡು, ಸುಟ್ಟ ಪ್ಲೇಟನ್ನು ಎಮರಿ ಪೇಪರಿನಲ್ಲಿ ಉಜ್ಜಿ ಹಾಕುವುದು. ಮನೆ ಮುಟ್ಟಲು ಸಾಕು, ಸಂಸಾರಕ್ಕೆ ಸಾಲದು.

ಊರಿಗೊಂದು ಗಾಡಿ, ಗಾಡಿಗೊಂದು ಕ್ಲಚ್

ಎಲ್ಲ ಗಾಡಿಯ ಕ್ಲಚ್ಚೂ ಒಂದೇ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಗಳ ಪ್ಲೇಟಿಗೆ ಬಿರಡೆ ಮಾಡುವ ಕಾರ್ಕನ್ನೇ ಕೂರಿಸುತ್ತಿದ್ದರು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ. ಕಾಲಿನಲ್ಲಿ ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಡು ಬೇರೆ. ಇಂದಿಗೂ ಅವನ್ನು ಸಾಕಿಕೊಂಡವರಿದ್ದಾರೆ. ಅವರಿಗೆ ಈ ಅಡ್ಜಸ್ಟ್‌ಮೆಂಟು ಬಲ್ಲ ಹಳೆಯ ಮೆಕ್ಯಾನಿಕ್ಕೇ ದಿಕ್ಕು.

ಮಾಲೂರಿನ ನೆರೆಯ ಹೊಸೂರಿನಲ್ಲಿ 1980ರಲ್ಲಿ ಹುಟ್ಟಿದ ಟಿ.ವಿ.ಎಸ್. 50 ಮತ್ತು ಅದರ ವಂಶದ ಎಕ್ಸ್.ಎಲ್. ಗಾಡಿಗಳಿಗೆ ಕ್ಲಚ್ ಲಿವರೇ ಇಲ್ಲ. ಇಂಜಿನ್ ಜೋರಾಗಿ ತಿರುಗಿದಾಗ ಒಳಗಿನ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮನ್ನು ಹಿಡಿಯುತ್ತವೆ. ಇಲ್ಲಿ ಪ್ಲೇ ನೋಡುವ ಮಾತೇ ಇಲ್ಲ. ಜಾರಿದರೆ ಶೂ ನೋಡಬೇಕು. ಸ್ಕೂಟರುಗಳಲ್ಲೂ ಇದೇ ತತ್ವ, ಜೊತೆಗೆ ಬೆಲ್ಟೊಂದಿದೆ. ಬೆಲ್ಟ್ ಸವೆದರೂ ಲಕ್ಷಣ ಕ್ಲಚ್ಚಿನಂತೆಯೇ ಕಾಣುತ್ತದೆ.

ಉಳಿಸಿಕೊಳ್ಳುವ ದಾರಿ

ಲಿವರ್ ಮೇಲೆ ಸದಾ ಎರಡು ಬೆರಳು ಇಟ್ಟು ಓಡಿಸುವ ಚಟ ಬಿಡಬೇಕು. ಏರಿನಲ್ಲಿ ನಿಲ್ಲಬೇಕಾದಾಗ ಅರ್ಧ ಕ್ಲಚ್ಚಿನಲ್ಲಿ ತೂಗಾಡದೆ ಬ್ರೇಕ್ ಹಿಡಿಯಬೇಕು. ಭಾರ ಇದ್ದರೆ ಮೊದಲ ಗೇರಿನಲ್ಲೇ ಹೊರಡಬೇಕು. ಎರಡು ಟ್ರಿಪ್ಪಿನ ಹೊರೆಯನ್ನು ಒಂದೇ ಟ್ರಿಪ್ಪಿನಲ್ಲಿ ಹೇರಿದರೆ ಉಳಿದ ಪೆಟ್ರೋಲಿನ ದುಡ್ಡು ಪ್ಲೇಟಿಗೆ ಹೋಗುತ್ತದೆ. ದಾರಿಯಲ್ಲೇ ಜಾರಲು ಶುರುವಾದರೆ ಪ್ಲೇ ನೋಡಿ ಸಡಿಲ ಮಾಡಿ, ಹೊರೆ ಇಳಿಸಿ, ಮೆಲ್ಲಗೆ ಊರು ಮುಟ್ಟಬೇಕು. ಹಠ ಹಿಡಿದು ಎಳೆಸಿದರೆ ನೂರರಲ್ಲಿ ಮುಗಿಯುವುದು ಸಾವಿರಕ್ಕೆ ಹೋಗುತ್ತದೆ.

ಗ್ಯಾರೇಜಿನಲ್ಲಿ ಹಳೆಯ ಪ್ಲೇಟು ವಾಪಸ್ಸು ಕೇಳುವುದು, ಸಾಮಾನಿಗೂ ಕೂಲಿಗೂ ಬಿಲ್ಲು ಕೇಳುವುದು ಗಾಡಿ ಒಡೆಯನ ಹಕ್ಕು. ಡೂಪ್ಲಿಕೇಟ್ ಸಾಮಾನು ಹಾಕಿ ಅಸಲಿ ಬೆಲೆ ತೆಗೆದುಕೊಂಡರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಿಲ್ಲಿಲ್ಲದ ದೂರು ತಳವಿಲ್ಲದ ಬಿಂದಿಗೆ.

ಮೆಕ್ಯಾನಿಕ್ಕುಗಳನ್ನೇ ದೂರಿ ಪ್ರಯೋಜನವಿಲ್ಲ. ಹತ್ತು ಹನ್ನೆರಡನೇ ವಯಸ್ಸಿಗೆ ಸ್ಪಾನರ್ ಹಿಡಿದು, ಬೈಸಿಕೊಂಡು, ಹೊಡೆಸಿಕೊಂಡು ಕಲಿತವರು ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ವರ್ನಿಯರ್ ಹಿಡಿಯುವುದನ್ನು ಅವರಿಗೆ ಕಲಿಸಿದವರು ಯಾರು? ನಮ್ಮ ಜಿಲ್ಲೆಯ ನರಸಾಪುರದಲ್ಲೇ 2013ರಿಂದ ಹೋಂಡಾ ಕಂಪೆನಿ ದ್ವಿಚಕ್ರ ವಾಹನ ತಯಾರಿಸುತ್ತಿದೆ. ಗಾಡಿ ಹುಟ್ಟುವ ಜಿಲ್ಲೆಯಲ್ಲಿ ಗಾಡಿ ರಿಪೇರಿಯ ಶಾಸ್ತ್ರ ಹಳ್ಳಿ ಮುಟ್ಟಿಲ್ಲವೆಂದರೆ ಹೇಗೆ? ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ಹಿಡಿದು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ದ್ವಿಚಕ್ರ ವಾಹನ ರಿಪೇರಿಯನ್ನು ಉಚಿತವಾಗಿ ಕಲಿಸುತ್ತವೆ. ಕೆಲಸವಿಲ್ಲದ ಹುಡುಗರು ಇದನ್ನು ವಿಚಾರಿಸಬೇಕು.

ಹಾಲಿನ ಸಂಘಗಳು, ಪಂಚಾಯ್ತಿಗಳು ಮನಸ್ಸು ಮಾಡಿದರೆ ವರ್ಷಕ್ಕೊಮ್ಮೆ, ಮಾವು ಟೊಮೇಟೊ ಸೀಸನ್ನಿಗೆ ಮುಂಚೆ, ಡೇರಿ ಮುಂದೆಯೇ ಒಂದು ದಿನದ ಗಾಡಿ ತಪಾಸಣೆ ಇಡಬಹುದು. ವೈರು, ಪ್ಲೇ, ಆಯಿಲ್, ಬ್ರೇಕು ಇಷ್ಟನ್ನು ನೋಡಿ ಹೇಳಲು ಒಬ್ಬ ಬಲ್ಲ ಮೆಕ್ಯಾನಿಕ್, ಎರಡು ಸ್ಪಾನರ್ ಸಾಕು. ಹಸುಗಳಿಗೆ ಶಿಬಿರ ನಡೆಸುವ ಊರುಗಳಿಗೆ ಇದೇನು ದೊಡ್ಡ ಕೆಲಸವೇ? ಸಂಬಂಧಪಟ್ಟವರು ಯೋಚಿಸಲಿ.